ತಾಯಿಮರ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ – ತುಮಕೂರು ಜಿಲ್ಲೆಯ ಈ ಮೂರು ತಾಲ್ಲೂಕುಗಳು ತೆಂಗಿನ ಸೀಮೆಯೆಂದು ಹೆಸರಾದವು. ಎತ್ತ ಕಣ್ಣು ಹಾಯಿಸಿದರೂ ತೆಂಗಿನ ತೋಟಗಳು; ರೈತರ ಮನೆಯ ಒಳಹೊಕ್ಕರೆ ಅಟ್ಟದ ಮೇಲೆ ಕೊಬ್ಬರಿಯಾಗಲೆಂದು ಕೂಡಿಟ್ಟ ಕಾಯಿಗಳ ರಾಶಿ. ಮರದಿಂದ ಇಳಿದ ಕಾಯಿ ಸುಮಾರು ಒಂದು ವರ್ಷ ಅಟ್ಟದ ಮೇಲಿದ್ದು, ಒಳಗಿನ ನೀರೆಲ್ಲ ಇಂಗಿ, ಅಲುಗಿಸಿದರೆ ಗುಡುಗುಡು ಸದ್ದುಮಾಡುವ ಉಂಡೆ ಕೊಬ್ಬರಿಯಾಗುತ್ತದೆ. ಆತುರಪಟ್ಟು ಒಡೆದವನಿಗೆ ಉಂಡೆ ಕೊಬ್ಬರಿ ದೊರೆಯುವುದಿಲ್ಲ. ಕಾಯುವುದೆಂದರೇನೆಂಬುದನ್ನು ಈ ಸೀಮೆಯ ಜನರಿಗೆ ಯಾರೂ ಬೇರೆಯಾಗಿ ಕಲಿಸಬೇಕಾಗಿಲ್ಲ. ಆದರೆ ಕಾಯುವುದು ಬೇರೆ, ಕಾಲ ತಳ್ಳುವುದು ಬೇರೆ. ಈ ಎರಡರ ಅಂತರವನ್ನು ನಾನು ತಿಳಿದುಕೊಂಡದ್ದು ಕಂದಿಕೆರೆಯ ಸೀಮೆಯಲ್ಲಿ. ತಿಳಿಯುವ ಹೊತ್ತಿಗೆ ತಡವಾಗಿತ್ತು.

ಕಂದಿಕೆರೆಯು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಒಂದು ಹೋಬಳಿಯ ಕೇಂದ್ರ. 1986ರಲ್ಲಿ ನಾನು ಆ ಭಾಗದ ಪ್ರೌಢಶಾಲೆಯೊಂದಕ್ಕೆ ಕನ್ನಡ ಅಧ್ಯಾಪಕನಾಗಿ ಹೋದೆ. ಶಾಲೆಗೆ ಹೋಗುವ ದಾರಿಯಲ್ಲಿ ಒಂದು ತೋಟವಿತ್ತು. ಅಕ್ಕಪಕ್ಕದ ತೋಟಗಳಲ್ಲಿ ತೆಂಗನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ಈ ತೋಟದಲ್ಲಾದರೋ ತೆಂಗಿನ ಸಾಲುಗಳ ನಡುವೆ ಸಪೋಟ, ಸೀಬೆ, ನಿಂಬೆ. ಅಂಚಿನಲ್ಲಿ ಮಾವು, ಹಲಸು. ಬದುವಿನ ಮೇಲೆ ನೇರಳೆ, ಹುಣಿಸೆ. ವರ್ಷದ ಯಾವ ತಿಂಗಳಲ್ಲಿ ಹೋದರೂ ಅಲ್ಲಿ ಒಂದಲ್ಲ ಒಂದು ಹಣ್ಣು ಇದ್ದೇ ಇರುತ್ತಿತ್ತು. ಅದರ ಒಡೆಯರು ಆಗಲೇ ಅರವತ್ತನ್ನು ದಾಟಿದ ಹಿರಿಯರು. ಊರಿನ ದೊಡ್ಡವರು ಅವರನ್ನು ‘ಯಜಮಾನರು’ ಎನ್ನುತ್ತಿದ್ದರು. ಮಕ್ಕಳು ‘ತೋಟದ ತಾತ’ ಎನ್ನುತ್ತಿದ್ದರು. ಮಕ್ಕಳು ಇಟ್ಟ ಹೆಸರೇ ನನಗೂ ರೂಢಿಯಾಯಿತು.

ತಾತ ಓದಿದ್ದು ನಾಲ್ಕನೆಯ ತರಗತಿಯವರೆಗೆ ಮಾತ್ರ. 1960ರ ದಶಕದಲ್ಲಿ ಡಾ. ಎಂ. ಎಚ್. ಮರೀಗೌಡರು ನಮ್ಮ ರಾಜ್ಯದ ತೋಟಗಾರಿಕೆ ಇಲಾಖೆಯ ನಿರ್ದೇಶಕರಾಗಿದ್ದರು. ಲಾಲ್‌ಬಾಗಿನಲ್ಲಿ ಮಾತ್ರ ಕಾಣುತ್ತಿದ್ದ ತೋಟಗಾರಿಕೆಯ ವಿದ್ಯೆ ಹಳ್ಳಿಯ ರೈತನಿಗೂ ದಕ್ಕಬೇಕೆಂದು ಅವರು ನಾಡಿನ ನಾನಾ ಕಡೆಗಳಲ್ಲಿ ಸರ್ಕಾರಿ ತೋಟಗಳನ್ನೂ ಸಸ್ಯಕ್ಷೇತ್ರಗಳನ್ನೂ ಬೆಳೆಸಿದರು. ಅಂಥ ಒಂದು ಸಸ್ಯಕ್ಷೇತ್ರದಿಂದ ತಾತ ನಲವತ್ತು ಹಣ್ಣಿನ ಸಸಿಗಳನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದರಂತೆ. ‘ತೆಂಗಿನ ಕಾಲಡಿಯಲ್ಲಿ ಹಣ್ಣಿನ ಗಿಡವೇ?’ ಎಂದು ನೆರೆಯವರು ನಕ್ಕರು. ಆ ವರ್ಷ ಮಳೆಯೂ ಬರಲಿಲ್ಲ. ಬಾವಿಯಿಂದ ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿದರೂ ಉಳಿದದ್ದು ಹನ್ನೊಂದು ಸಸಿ. “ಇಪ್ಪತ್ತೊಂಬತ್ತು ಸಸಿ ಸತ್ತದ್ದರಿಂದ ನಾನು ಕಲಿತೆ, ಮೇಷ್ಟ್ರೇ. ಬದುಕಿದ ಹನ್ನೊಂದು ನನಗೇನೂ ಹೇಳಿಕೊಡಲಿಲ್ಲ” ಎಂದು ಅವರು ನಗುತ್ತಿದ್ದರು. ಯಾವ ಗುಣಿ ಎಷ್ಟು ಆಳವಿರಬೇಕು, ಯಾವ ಗಿಡಕ್ಕೆ ಯಾವ ದಿಕ್ಕಿನ ನೆರಳು ಬೇಕು, ಬೇಸಗೆಯಲ್ಲಿ ಬುಡಕ್ಕೆ ಗರಿ ಮುಚ್ಚಿದರೆ ತೇವ ಎಷ್ಟು ದಿನ ನಿಲ್ಲುತ್ತದೆ – ಇವೆಲ್ಲವೂ ಸತ್ತ ಸಸಿಗಳು ಅವರಿಗೆ ಹೇಳಿಕೊಟ್ಟ ಪಾಠಗಳು.

ಅವರು ಯಾರಿಗೂ ಉಪದೇಶ ಮಾಡಿದ್ದನ್ನು ನಾನು ಕಂಡಿಲ್ಲ. ಶಾಲೆ ಬಿಟ್ಟ ಮಕ್ಕಳು ಹಣ್ಣಿನ ಆಸೆಗೆ ಬೇಲಿ ನುಸುಳಿ ಬಂದರೆ ಅವರು ಗದರುತ್ತಿರಲಿಲ್ಲ. ಅಲ್ಲಿ ಒಂದೇ ಒಂದು ಕಟ್ಟಳೆ: ಹಣ್ಣು ತಿಂದವನು ಒಂದು ಬಿಂದಿಗೆ ನೀರು ಸೇದಿ ಎಳೆಯ ಸಸಿಯೊಂದಕ್ಕೆ ಹಾಕಬೇಕು. ನೀರು ಹಾಕಲು ಬಂದ ಹುಡುಗರಲ್ಲಿ ಕೆಲವರು ಗುಣಿ ತೆಗೆಯುವುದನ್ನು ಕಲಿತರು. ಇನ್ನು ಕೆಲವರು ಮಾವಿಗೆ ಕಸಿ ಕಟ್ಟುವುದನ್ನು ಕಲಿತರು. ಬಿತ್ತಲು ತೆಂಗಿನ ಕಾಯಿ ಬೇಕೆಂದು ಬಂದ ರೈತರನ್ನು ತಾತ ಕಾಯಿಯ ರಾಶಿಯ ಬಳಿಗೆ ಕರೆದೊಯ್ಯುತ್ತಿರಲಿಲ್ಲ; ತೋಟದೊಳಕ್ಕೆ ಕರೆದೊಯ್ಯುತ್ತಿದ್ದರು. “ಕಾಯಿ ನೋಡಿ ಬಿತ್ತನೆಗೆ ಆರಿಸಬೇಡ, ಮರ ನೋಡಿ ಆರಿಸು. ಗೊನೆಯ ತೊಟ್ಟು ಗಿಡ್ಡವಾಗಿರಬೇಕು, ಗರಿ ಕೊಡೆಯ ಹಾಗೆ ಸುತ್ತಲೂ ಹರಡಿರಬೇಕು, ವರ್ಷ ವರ್ಷವೂ ತಪ್ಪದೆ ಕಾಯಿ ಕಟ್ಟಿರಬೇಕು. ಅಂಥದ್ದು ತಾಯಿಮರ” ಎನ್ನುತ್ತಿದ್ದರು. ತೆಂಗಿಗೆ ಕಸಿ ಇಲ್ಲ. ಕಾಯಿಯಿಂದಲೇ ಸಸಿ ಆಗಬೇಕು. ಆದುದರಿಂದ ತಾಯಿಮರದ ಆಯ್ಕೆಯಲ್ಲಿ ತಪ್ಪಿದವನು ತನ್ನ ತಪ್ಪನ್ನು ಮಕ್ಕಳ ಕಾಲದವರೆಗೂ ಉಣ್ಣಬೇಕಾಗುತ್ತದೆ.

1999–2000ರ ಸುಮಾರಿಗೆ ತೆಂಗಿಗೆ ನುಸಿರೋಗ ಹರಡಿತು. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಎಳೆಯ ಕಾಯಿಯ ತೊಟ್ಟಿನ ಬಳಿ ಸೇರಿ ರಸ ಹೀರುತ್ತಿತ್ತು. ಕಾಯಿ ಕಂದಿ, ಸಿಪ್ಪೆ ಬಿರಿದು, ಗಾತ್ರ ಕುಗ್ಗುತ್ತಿತ್ತು. ಮರಗಳನ್ನೇ ಕಡಿದು ಹಾಕೋಣವೆಂದು ಧೃತಿಗೆಟ್ಟವರೂ ಉಂಟು. ಆಗ ತಾತ ಒಂದು ಕೋಲು ಹಿಡಿದು ತೋಟದಿಂದ ತೋಟಕ್ಕೆ ನಡೆದರು. ರೋಗಕ್ಕೆ ತಮ್ಮಲ್ಲಿ ಮದ್ದಿದೆಯೆಂದು ಅವರು ಹೇಳಲಿಲ್ಲ. ಬುಡಕ್ಕೆ ಗೊಬ್ಬರ ಕೊಡಿ, ನೀರು ತಪ್ಪಿಸಬೇಡಿ, ಬಿದ್ದ ಎಳೆಗಾಯಿಗಳನ್ನು ಆಯ್ದು ಸುಡಿ, ಕೊಡಲಿಯನ್ನು ಮಾತ್ರ ಒಳಗಿಡಿ – ಇಷ್ಟೇ ಅವರ ಮಾತು. “ಮರ ಚೆನ್ನಾಗಿದ್ದಾಗ ಅದರ ಕಾಯಿ ತಿಂದಿದ್ದೀವಿ. ಅದಕ್ಕೆ ಕಾಯಿಲೆ ಬಂದಾಗ ಕೈ ಬಿಡಬಹುದೇ?” ಎಂಬ ಅವರ ಪ್ರಶ್ನೆಗೆ ಉತ್ತರ ಹೇಳಬಲ್ಲವರು ಯಾರೂ ಇರಲಿಲ್ಲ.

ಆ ತೋಟದ ಮೂಡಣ ಅಂಚಿನಲ್ಲಿ, ಬಾವಿಯ ಪಕ್ಕಕ್ಕೆ, ಒಂದು ಹಲಸಿನ ಮರವಿತ್ತು. ಅದನ್ನು ನೆಟ್ಟವರು ತಾತನ ತಂದೆ. ಹಣ್ಣು ದೊಡ್ಡದಲ್ಲ, ಒಂದು ಮನೆಯವರು ಒಂದು ಹೊತ್ತಿಗೆ ತಿಂದು ಮುಗಿಸುವಷ್ಟು. ಕೊಯ್ದರೆ ಮೇಣ ಕಡಿಮೆ. ತೊಳೆ ಜೇನಿನ ಬಣ್ಣ. ಅದರ ಸವಿಗೆ ಹೋಲಿಕೆ ಹೇಳಲು ನನಗೆ ಇಂದಿಗೂ ತಿಳಿಯದು. ಹಣ್ಣಾಗುವ ಕಾಲದಲ್ಲಿ ಆ ದಾರಿಯಲ್ಲಿ ನಡೆದವರು ಪರಿಮಳಕ್ಕೆ ನಿಂತುಬಿಡುತ್ತಿದ್ದರು. ಊರಿನಲ್ಲಿ ಬಸುರಿಗೆ ಬಯಕೆಯಾದರೆ, ಕಾಯಿಲೆಯಿಂದ ಎದ್ದವರಿಗೆ ಬಾಯಿ ಕೆಟ್ಟಿದ್ದರೆ, ಆ ಮರದ ಹಣ್ಣು ಹೋಗುತ್ತಿತ್ತು. ತಾತ ಆ ಹಣ್ಣನ್ನು ಒಂದು ದಿನವೂ ಮಾರಲಿಲ್ಲ.

ಒಂದು ಸಂಜೆ ಅದೇ ಮರದ ಕೆಳಗೆ ಕುಳಿತಿದ್ದಾಗ ಅವರೆಂದರು: “ಮೇಷ್ಟ್ರೇ, ಮರಕ್ಕೂ ವಯಸ್ಸಾಯಿತು, ನನಗೂ ವಯಸ್ಸಾಯಿತು. ಮಾವಿನ ಕಸಿ ನನ್ನ ಕೈಗೆ ಹತ್ತಿತು, ಹಲಸಿನದು ಹತ್ತಲಿಲ್ಲ. ಎರಡು ಸಲ ಕಟ್ಟಿದೆ, ಎರಡು ಸಲವೂ ಒಣಗಿತು. ಈಗ ಕೈ ನಡುಗುತ್ತದೆ. ಇದರ ಕಡ್ಡಿ ತೆಗೆದುಕೊಂಡು ಹೋಗಿ ತಿಳಿದವರ ಕೈಯಲ್ಲಿ ನಾಲ್ಕು ಗಿಡ ಮಾಡಿಸಿಕೊಂಡು ಬನ್ನಿ.” ನಾನು ಒಪ್ಪಿಕೊಂಡೆ. ತುಮಕೂರಿನ ಬಳಿಯ ಹಿರೇಹಳ್ಳಿಯಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಗೆ ಸೇರಿದ ಪ್ರಯೋಗ ಕೇಂದ್ರವಿರುವುದು ನನಗೆ ಗೊತ್ತಿತ್ತು. ಒಂದು ದಿನದ ಕೆಲಸ. ಆದರೆ ಆ ವರ್ಷ ಪರೀಕ್ಷೆಯ ಕೆಲಸವೆಂದು ಹೋಗಲಿಲ್ಲ. ಮರುವರ್ಷ ಚುನಾವಣೆಯ ಕೆಲಸ. ಅದರ ಮುಂದಿನ ವರ್ಷ ನನಗೆ ಬೇರೆ ಊರಿಗೆ ವರ್ಗವಾಯಿತು. ತಾತ ಭೇಟಿಯಾದಾಗಲೆಲ್ಲ ನಾನೇ ಮುಂದಾಗಿ, “ಈ ಮಳೆಗಾಲಕ್ಕೆ ಖಂಡಿತ” ಎನ್ನುತ್ತಿದ್ದೆ. ಅವರು, “ಆಗಲಿ, ಮೇಷ್ಟ್ರೇ” ಎನ್ನುತ್ತಿದ್ದರು. ಅವರು ಒಂದು ಸಲವೂ ನನ್ನನ್ನು ಆಕ್ಷೇಪಿಸಲಿಲ್ಲ. ಆಕ್ಷೇಪಿಸಿದ್ದರೆ ಚೆನ್ನಾಗಿತ್ತೆಂದು ಈಗ ಅನ್ನಿಸುತ್ತದೆ.

2010ರ ಜ್ಯೇಷ್ಠ ಮಾಸದ ಒಂದು ಬೆಳಗ್ಗೆ ತಾತ ತೀರಿಕೊಂಡರೆಂಬ ಸುದ್ದಿ ಬಂತು. ನಾನು ಹೋಗುವ ಹೊತ್ತಿಗೆ ಹತ್ತಾರು ಹಳ್ಳಿಗಳ ಜನ ಸೇರಿದ್ದರು. ಅಂದು ಊರಿನಲ್ಲಿ ಯಾರೂ ಏರು ಕಟ್ಟಿರಲಿಲ್ಲ. ಕಾಯಿ ಕೆಡವುವವರು ಮರ ಹತ್ತಿರಲಿಲ್ಲ. ಪಡಸಾಲೆಯಲ್ಲಿ ಮಲಗಿಸಿದ್ದ ಆ ದೇಹದ ಪಾದದ ಬಳಿ ರೈತನೊಬ್ಬ ಎರಡು ಮಾವಿನ ಹಣ್ಣು ಇಟ್ಟು ಕೈಮುಗಿದ. ತಾತ ಕೊಟ್ಟ ಸಸಿಯ ಮೊದಲ ಫಲವಂತೆ. ಮಾಗಿದ ಮೇಲೆ ತಂದು ತೋರಿಸಬೇಕೆಂದಿದ್ದನಂತೆ. ಅವನನ್ನು ಕಂಡು ಅಲ್ಲಿಯವರೆಗೆ ತಡೆದುಕೊಂಡಿದ್ದವರ ಕಣ್ಣೂ ತುಂಬಿ ಬಂದವು. ಅವರ ಇಚ್ಛೆಯಂತೆ ಅವರನ್ನು ತೋಟದಲ್ಲಿಯೇ ಮಣ್ಣು ಮಾಡಿದರು. ಮೂರನೆಯ ದಿನ ಹಾಲುತುಪ್ಪ ಬಿಡಲು ಬಂದ ಹೆಂಗಸರು ಸಮಾಧಿಯ ಸುತ್ತಲಿನ ಸಸಿಗಳಿಗೂ ಒಂದೊಂದು ಚೊಂಬು ನೀರು ಹಾಕಿ ಹೋದರು. ಯಾರೂ ಅವರಿಗೆ ಹೇಳಿರಲಿಲ್ಲ.

ಹನ್ನೊಂದನೆಯ ದಿನ ತಿಥಿ. ಆ ಹೊತ್ತಿಗೆ ಬಾವಿಯ ಪಕ್ಕದ ಹಲಸು ಹಣ್ಣಾಗಿತ್ತು. ಊಟದ ಎಲೆಯ ತುದಿಗೆ ಒಂದೊಂದು ತೊಳೆ ಬಡಿಸಿದರು. ನೂರಾರು ಜನ ಕುಳಿತ ಆ ಪಂಕ್ತಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಮಕ್ಕಳು ಬೀಜಗಳನ್ನು ತೊಳೆದು ಜೇಬಿಗೆ ಹಾಕಿಕೊಂಡರು. ಕಸಿಯ ಮಾತು ನನ್ನ ಗಂಟಲಿನಲ್ಲಿಯೇ ನಿಂತಿತು. ಮರ ಇನ್ನೂ ಇದೆಯಲ್ಲ, ಬರುವ ವರ್ಷ ಬಂದು ಕಡ್ಡಿ ತೆಗೆದುಕೊಂಡು ಹೋದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ.

ಮರ ಕಾಯಲಿಲ್ಲ. 2012ರಿಂದ ಕೆಲವು ವರ್ಷ ಆ ಸೀಮೆಯಲ್ಲಿ ಮಳೆ ಕೈಕೊಟ್ಟಿತು. ಕೆರೆಗಳು ಬತ್ತಿದವು, ಕೊಳವೆಬಾವಿಗಳಲ್ಲಿ ನೀರು ಪಾತಾಳಕ್ಕಿಳಿಯಿತು. ನಲವತ್ತು ಐವತ್ತು ವರ್ಷಗಳ ತೆಂಗಿನ ಮರಗಳು ಸುಳಿ ಬಾಗಿ ಒಣಗಿ ನಿಂತದ್ದನ್ನು ನೋಡಲಾಗುತ್ತಿರಲಿಲ್ಲ. 2014ರಲ್ಲಿ ನಾನು ಹೋದಾಗ ಬಾವಿಯ ಪಕ್ಕದಲ್ಲಿ ಹಲಸಿನ ಬುಡ ಮಾತ್ರ ಉಳಿದಿತ್ತು. ಒಣಗಿದ ಮರವನ್ನು ತೊಲೆಗೆಂದು ಕೊಯ್ದಿದ್ದರು. ಅದರಲ್ಲಿ ಮನೆಯವರ ತಪ್ಪೇನೂ ಇಲ್ಲ.

ಆದರೆ ಮಕ್ಕಳು ಒಯ್ದ ಬೀಜಗಳು ಇದ್ದುವಲ್ಲ? ಅವುಗಳಲ್ಲಿ ಐದಾರು ಮೊಳೆತು ಮರವಾದವು. 2018ರಲ್ಲಿ ಅವು ಮೊದಲ ಹಣ್ಣು ಬಿಟ್ಟಾಗ ನಾವೆಲ್ಲ ಆಸೆಯಿಂದ ಕೊಯ್ದು ನೋಡಿದೆವು. ಒಂದು ಸಪ್ಪೆ, ಇನ್ನೊಂದು ನಾರು, ಮತ್ತೊಂದು ಪರವಾಗಿಲ್ಲ. ಆ ಜೇನಿನ ಸವಿ ಯಾವುದರಲ್ಲಿಯೂ ಇರಲಿಲ್ಲ. ಇದಕ್ಕೆ ಕಾರಣವಿದೆ. ಹಲಸಿನ ಒಂದೇ ಮರದಲ್ಲಿ ಗಂಡುಹೂಗಳು ಬೇರೆ, ಹೆಣ್ಣುಹೂಗಳು ಬೇರೆ. ಹೆಣ್ಣುಹೂವಿಗೆ ಬೇರೊಂದು ಮರದ ಪರಾಗ ಬಂದು ಸೇರುವುದೇ ಹೆಚ್ಚು. ಆದ್ದರಿಂದ ಬೀಜದಿಂದ ಹುಟ್ಟಿದ ಮರ ತಾಯಿಯ ಪ್ರತಿರೂಪವಾಗುವುದಿಲ್ಲ. ಅದು ಹೊಸದೊಂದು ಮರ. ತಾಯಿಮರದ ಗುಣ ಹಾಗೆಯೇ ಉಳಿಯಬೇಕಾದರೆ ಅದರ ರೆಂಬೆಯ ತುದಿಯ ಕಡ್ಡಿಯನ್ನು ಎಳೆಯ ಸಸಿಯೊಂದರ ಕಾಂಡಕ್ಕೆ ಬೆಸೆಯಬೇಕು. ಸಸಿಯ ತಲೆಯನ್ನು ಕತ್ತರಿಸಿ, ಕಾಂಡವನ್ನು ನಡುವೆ ಸೀಳಿ, ಬೆಣೆಯಂತೆ ಹೆರೆದ ಕಡ್ಡಿಯನ್ನು ಅದರಲ್ಲಿ ಕೂರಿಸಿ, ಬಿಗಿಯಾಗಿ ಪಟ್ಟಿ ಕಟ್ಟಬೇಕು. ಎರಡು ಗಾಯಗಳೂ ಒಂದಾಗಿ ಮಾಯ್ದರೆ ಕಡ್ಡಿ ಚಿಗುರುತ್ತದೆ. ಬೇರು ಹೊಸದು, ಫಲ ಹಳೆಯದು. ಇದೇ ಕಸಿ. ಜೀವಂತ ಮರದಿಂದ ಮಾತ್ರ ಇದು ಸಾಧ್ಯ; ಮರ ಹೋದ ಮೇಲೆ ಯಾವ ಪಂಡಿತನೂ ಇದನ್ನು ಮಾಡಲಾರ.

ಹಾಗಾಗದೆ ಉಳಿದ ಮರವೊಂದು ನಮ್ಮ ಜಿಲ್ಲೆಯಲ್ಲಿಯೇ ಇದೆ. ನೆರೆಯ ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ಎಸ್. ಕೆ. ಸಿದ್ದಪ್ಪ ಎಂಬ ರೈತರು ನೆಟ್ಟ ಒಂದು ಹಲಸು. ಅದರ ಹಣ್ಣು ಎರಡೂವರೆ ಮೂರು ಕಿಲೋ ತೂಗುವಷ್ಟು ಚಿಕ್ಕದು. ತೊಳೆ ಮಾತ್ರ ತಾಮ್ರಗೆಂಪು, ಬಲು ಸವಿ. ಹಿರೇಹಳ್ಳಿ ಕೇಂದ್ರದ ವಿಜ್ಞಾನಿಗಳು ಅದನ್ನು ಪರೀಕ್ಷಿಸಿ, ಅಪರೂಪದ ತಳಿಯೆಂದು ಗುರುತಿಸಿದರು. ಸಿದ್ದಪ್ಪನವರ ಮಗ ಎಸ್. ಎಸ್. ಪರಮೇಶ ಅವರೊಡನೆ 2017ರಲ್ಲಿ ಸಂಸ್ಥೆ ಒಪ್ಪಂದ ಮಾಡಿಕೊಂಡಿತು. ತಾಯಿಮರದಿಂದ ಕಸಿ ಗಿಡಗಳನ್ನು ಬೆಳೆಸಿ ರೈತರಿಗೆ ಕೊಡುವುದು. ಬಂದ ಹಣದಲ್ಲಿ ನೂರಕ್ಕೆ 75 ಭಾಗ ಮರದ ಒಡೆಯರಿಗೆ ಸಲ್ಲುವುದು – ಇದು ಆ ಒಪ್ಪಂದ. ಮರವನ್ನು ನೆಟ್ಟ ತಂದೆಯ ಗೌರವಾರ್ಥ ತಳಿಗೆ ‘ಸಿದ್ದು’ ಎಂದು ಹೆಸರಿಟ್ಟರು. ಇಂದು ಎಷ್ಟೋ ಊರುಗಳ ತೋಟಗಳಲ್ಲಿ ‘ಸಿದ್ದು’ ಬೆಳೆಯುತ್ತಿದೆ. ಗೋರಿಯ ಕಲ್ಲಿನ ಮೇಲೆ ಕೆತ್ತಿದ ಹೆಸರು ಒಂದೇ ಕಡೆ ಇರುತ್ತದೆ. ಈ ಹೆಸರು ಗಿಡ ಹೋದಲ್ಲೆಲ್ಲ ಹೋಗುತ್ತದೆ. ಈ ಸುದ್ದಿಯನ್ನು ಓದಿದ ದಿನ ನನಗೆ ಹರ್ಷವೂ ಆಯಿತು, ಪಶ್ಚಾತ್ತಾಪವೂ ಆಯಿತು. ನಾನು ಹೋಗಬೇಕಾಗಿದ್ದುದೂ ಅದೇ ಹಿರೇಹಳ್ಳಿಗೆ.

ಮರಕ್ಕೆ ಕಸಿಯಿರುವಂತೆ ಅರಿವಿಗೂ ಕಸಿಯುಂಟು. ದೊಡ್ಡಬಳ್ಳಾಪುರದ ಬಳಿ ಎಲ್. ನಾರಾಯಣ ರೆಡ್ಡಿ ಎಂಬ ರೈತರಿದ್ದರು. ಅವರೂ ಮೊದಮೊದಲು ಎಲ್ಲರಂತೆ ರಾಸಾಯನಿಕ ಗೊಬ್ಬರವನ್ನು ನೆಚ್ಚಿದವರು. ಖರ್ಚು ಬೆಳೆದು ಭೂಮಿ ಸೊರಗುವುದನ್ನು ಕಂಡು, ಜಪಾನಿನ ರೈತ ಮಸನೊಬು ಫುಕುವೋಕಾ ಅವರ ವಿಚಾರಗಳಿಂದ ಪ್ರೇರಿತರಾಗಿ, ಸಹಜ ಕೃಷಿಗೆ ತಿರುಗಿದರು. ಅನಂತರ ತಮಗೆ ತಿಳಿದದ್ದನ್ನು ಅವರು ತಮ್ಮ ಬೇಲಿಯೊಳಗೆ ಇಟ್ಟುಕೊಳ್ಳಲಿಲ್ಲ. ತೋಟಕ್ಕೆ ಬಂದವರಿಗೆ ತೋರಿಸಿದರು. ಊರೂರಿಗೆ ಹೋಗಿ ಹೇಳಿದರು. 2019ರ ಜನವರಿಯಲ್ಲಿ, ಸಂಕ್ರಾಂತಿಯ ಸಮಯದಲ್ಲಿ, ಅವರು ತೀರಿಕೊಂಡಾಗ ನಾಡಿನ ಮೂಲೆಮೂಲೆಯ ರೈತರು ಮನೆಯ ಹಿರಿಯನನ್ನು ಕಳೆದುಕೊಂಡವರಂತೆ ಮರುಗಿದರು. ಆದರೆ ಅವರ ಬೇಸಾಯ ಅವರೊಡನೆ ಹೋಗಲಿಲ್ಲ. ಅದು ಆಗಲೇ ಅನೇಕರ ಕೈಗಳಲ್ಲಿ ಚಿಗುರಿತ್ತು.

ನಮ್ಮ ತಾತನ ವಿಷಯದಲ್ಲಿ ಲೆಕ್ಕ ಎರಡೂ ಬಗೆಯದು. ಬಾವಿಯ ಪಕ್ಕದ ಹಲಸು ಹೋಯಿತು. ಅದು ಇನ್ನು ಬಾರದು. ಅದರ ಸವಿಯನ್ನು ಬಲ್ಲ ನಾಲಗೆಗಳೂ ಒಂದೊಂದಾಗಿ ಹೋಗುತ್ತಿವೆ. ಆದರೆ ಅಂದು ನೀರು ಸೇದಲು ಬಂದು ಮಾವಿನ ಕಸಿ ಕಲಿತ ಹುಡುಗರಲ್ಲಿ ಒಬ್ಬ, ನನ್ನ ತರಗತಿಯಲ್ಲಿ ವ್ಯಾಕರಣ ತಪ್ಪುತ್ತಿದ್ದವನು, ಈಗ ತನ್ನ ಹಿತ್ತಿಲಿನಲ್ಲಿ ಪ್ರತಿ ಮಳೆಗಾಲವೂ ಕಸಿ ಕಟ್ಟುತ್ತಾನೆ. ತಾತನಿಗೆ ಒಲಿಯದ ಹಲಸಿನ ಕಸಿಯೂ ಅವನಿಗೆ ಒಲಿದಿದೆ. ಹೋದ ವರ್ಷ ನಾನು ಅವನಲ್ಲಿಗೆ ಹೋಗಿದ್ದೆ. ಊರಿನ ನಾಲ್ಕಾರು ಮಕ್ಕಳು ಸುತ್ತ ಕುಳಿತು ನೋಡುತ್ತಿದ್ದರು. ಕೆಲಸ ಮುಗಿದ ಮೇಲೆ ಅವರಿಗೆ ಸೀಬೆಹಣ್ಣು ಕೊಟ್ಟು, “ಎಲ್ಲಿ, ಒಂದೊಂದು ಬಿಂದಿಗೆ ನೀರು” ಎಂದ. ಆ ಮಾತನ್ನು ಕೇಳಿ ನಾನು ಮುಖ ತಿರುಗಿಸಿಕೊಂಡೆ.

ಹಿರಿಯರು ತೀರಿಕೊಂಡಾಗ ಕಣ್ಣೀರು ಹಾಕುವುದು ಸಹಜ. ಹಾರ ಹಾಕುವುದು, ನಾಲ್ಕು ಮಾತು ಆಡುವುದು ಲೋಕಾಚಾರ. ಇವು ಬೇಡವೆಂದು ನಾನು ಹೇಳಲಾರೆ. ಆದರೆ ನಿಜವಾದ ಗೌರವ ಸಲ್ಲಬೇಕಾದ ಕಾಲ ಅವರು ಬದುಕಿರುವ ಕಾಲ. ನಿಮ್ಮ ಊರಿನಲ್ಲಿಯೂ ಅಂಥ ಒಬ್ಬರು ಇದ್ದೇ ಇರುತ್ತಾರೆ. ಮಣ್ಣನ್ನು ಮುಟ್ಟಿ ಹದ ಹೇಳುವವರು, ಮೋಡವನ್ನು ನೋಡಿ ಮಳೆ ಹೇಳುವವರು, ಯಾರಿಗೂ ಗೊತ್ತಿಲ್ಲದ ಒಂದು ಹಣ್ಣಿನ ಮರವನ್ನು ಕಾಪಾಡಿಕೊಂಡು ಬಂದವರು. ಅವರ ಬಳಿಗೆ ಹೋಗಿ ಕುಳಿತುಕೊಳ್ಳಿ; ಕೇಳಿ; ಕೈಯಿಂದ ಮಾಡಿ ಕಲಿಯಿರಿ. ಕೊಬ್ಬರಿಗಾಗಿ ಒಂದು ವರ್ಷ ಕಾಯಬಹುದು. ಕಸಿಗೆ ಮಾತ್ರ ಈ ಮಳೆಗಾಲವೇ ತಕ್ಕ ಕಾಲ.

ಶಬ್ದಾರ್ಥ

ಸಸ್ಯಕ್ಷೇತ್ರ – ಸಸಿಗಳನ್ನು ಬೆಳೆಸುವ ಸ್ಥಳ
ಬದು – ಹೊಲ ತೋಟಗಳ ಅಂಚಿನ ಮಣ್ಣಿನ ದಿಬ್ಬ
ಧೃತಿಗೆಡು – ಧೈರ್ಯಗುಂದು
ಏರು ಕಟ್ಟು – ಉಳಲು ನೇಗಿಲಿಗೆ ಎತ್ತು ಹೂಡು
ಪಂಕ್ತಿ – ಊಟಕ್ಕೆ ಕುಳಿತವರ ಸಾಲು
ಪರಾಗ – ಹೂವಿನ ಧೂಳಿ
ಮಾಯು – ಗಾಯ ಒಣಗಿ ಕೂಡಿಕೊಳ್ಳು
ಪಶ್ಚಾತ್ತಾಪ – ಮಾಡಿದ ತಪ್ಪಿಗಾಗಿ ಪಡುವ ದುಃಖ
ಲೋಕಾಚಾರ – ಲೋಕದ ರೂಢಿ

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿ.
1. ತಾತನ ತೋಟದಲ್ಲಿ ಹಣ್ಣು ತಿಂದ ಮಕ್ಕಳು ಪಾಲಿಸಬೇಕಾಗಿದ್ದ ಕಟ್ಟಳೆ ಯಾವುದು?
2. ತಾತ ತಂದ ಸಸಿಗಳಲ್ಲಿ ಬದುಕಿ ಉಳಿದವು ಎಷ್ಟು?
3. ಚೇಳೂರಿನ ಹಲಸಿನ ತಳಿಗೆ ‘ಸಿದ್ದು’ ಎಂಬ ಹೆಸರು ಬಂದುದೇಕೆ?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿ.
1. ಬಿತ್ತನೆಗೆ ಯೋಗ್ಯವಾದ ತೆಂಗಿನ ತಾಯಿಮರದ ಲಕ್ಷಣಗಳೇನು?
2. ಬೀಜದಿಂದ ಬೆಳೆದ ಹಲಸಿನಲ್ಲಿ ತಾಯಿಮರದ ಗುಣ ಹಾಗೆಯೇ ಇರುವುದಿಲ್ಲವೇಕೆ?
3. ‘ಕಾಯುವುದು ಬೇರೆ, ಕಾಲ ತಳ್ಳುವುದು ಬೇರೆ’ ಎಂಬ ಮಾತನ್ನು ಲೇಖಕರ ಅನುಭವದಿಂದ ಸಮರ್ಥಿಸಿ.

ಇ) ಸಂದರ್ಭ ಸಹಿತ ವಿವರಿಸಿ.
1. “ಇಪ್ಪತ್ತೊಂಬತ್ತು ಸಸಿ ಸತ್ತದ್ದರಿಂದ ನಾನು ಕಲಿತೆ, ಮೇಷ್ಟ್ರೇ.”
2. “ಎಲ್ಲಿ, ಒಂದೊಂದು ಬಿಂದಿಗೆ ನೀರು.”

ಈ) ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿ.
ಹೊಸದೊಂದು, ತಾಮ್ರಗೆಂಪು, ಲೋಕಾಚಾರ.

ಉ) ನಿಮ್ಮ ಊರಿನ ಹಿರಿಯ ರೈತರೊಬ್ಬರನ್ನು ಕಂಡು, ಅವರು ಕಾಪಾಡಿಕೊಂಡು ಬಂದಿರುವ ಒಂದು ಮರದ ಕಥೆಯನ್ನು ಕೇಳಿ ಬರೆಯಿರಿ.